ರೀಲ್ಸ್‌ಗೆ ಮನೆಯಲ್ಲೇ ಕಡಿವಾಣ: ಕಲಬುರಗಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಶಾಲೆಗೆ ರಜೆ. ಬಾಗಿಲು ಮುಂದಕ್ಕೆ ಮಾಡಿಕೊಂಡು ಮನೆಮಂದಿಯೆಲ್ಲ ಒಳಗೆ. ಕೂಲರ್ ಮುಂದೆ ಮಕ್ಕಳು, ಮಕ್ಕಳ ಕೈಯಲ್ಲಿ ಫೋನು. ಸಂಜೆ ಐದರವರೆಗೆ ಬೆರಳು ಮೇಲಕ್ಕೆ ಸರಿಯುತ್ತಲೇ ಇರುತ್ತದೆ. ಬೀದರ್, ಯಾದಗಿರಿಯಲ್ಲೂ ಇದೇ ಕಥೆ.

ಫೋನ್ ಕಿತ್ತುಕೊಳ್ಳಿ, ಆ್ಯಪ್ ಎಲ್ಲ ಅಳಿಸಿಬಿಡಿ ಅನ್ನುವ ಉಪದೇಶ ಇಲ್ಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ಪುಣೆಯಲ್ಲೋ ಮುಂಬೈಯಲ್ಲೋ ಹೈದರಾಬಾದಿನಲ್ಲೋ ದುಡಿಯುತ್ತಿರುತ್ತಾನೆ. ರಾತ್ರಿ ಮಕ್ಕಳ ಮುಖ ನೋಡುವುದು ಅದೇ ಫೋನಿನಲ್ಲಿ. ಶಾಲೆಯ ವಾಟ್ಸ್ಆ್ಯಪ್ ಗುಂಪು, ಗ್ಯಾಸ್ ಬುಕಿಂಗ್, ಫೋನ್‌ಪೇ ಎಲ್ಲ ಅದರಲ್ಲೇ. ಆದ್ದರಿಂದ ಫೋನ್ ಇರಲಿ. ಅದರೊಳಗಿನ ಮುಗಿಯದ ವಿಡಿಯೊ ಸಾಲಿಗೆ ಒಂದು ಕೊನೆ ಇಡುವುದು ಹೇಗೆ, ಅಷ್ಟೇ ನೋಡೋಣ.

ಇದು ಯಾಕೆ ಮುಗಿಯುವುದಿಲ್ಲ?

"ತಮ್ಮಾ, ಎಷ್ಟೊತ್ತಾಯ್ತೋ ನೋಡ್ಲಾಕತ್ತು?"
"ಇದೊಂದ್ ಮುಗೀಲಿ ತಡಿ ಯವ್ವಾ, ಬಂದೆ."

ಹುಡುಗ ಸುಳ್ಳು ಹೇಳುತ್ತಿಲ್ಲ. ಅವನು ನಿಜವಾಗಿಯೂ ಇದೊಂದು ಮುಗಿಸಿ ಏಳಬೇಕೆಂದೇ ಇರುತ್ತಾನೆ. ಆದರೆ ಆ ಆ್ಯಪಿನಲ್ಲಿ ಮುಗಿಯುವ ಜಾಗವನ್ನೇ ತೆಗೆದುಹಾಕಿದ್ದಾರೆ. ಪೇಪರ್ ಓದಿದರೆ ಕೊನೆಯ ಪುಟ ಬರುತ್ತದೆ, ಸಿನಿಮಾ ನೋಡಿದರೆ ದೀಪ ಹತ್ತುತ್ತದೆ. ಇಲ್ಲಿ ಎಷ್ಟು ಕೆಳಗೆ ಹೋದರೂ ಇನ್ನೊಂದು ಇರುತ್ತದೆ. ಪುಟ ಮುಗಿಯದೆ ಉದ್ದವಾಗುತ್ತಲೇ ಹೋಗುವ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಅದಕ್ಕಾಗಿ ತಮಗೆ ಪಶ್ಚಾತ್ತಾಪವಿದೆ ಎಂದು ಅವರೇ ಆಮೇಲೆ ಹೇಳಿಕೊಂಡರು.

ಇನ್ನೊಂದು ಸಂಗತಿ ಇದೆ. ಮುಂದಿನ ವಿಡಿಯೊ ಚೆನ್ನಾಗಿರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಹತ್ತು ಬೋರು, ಹನ್ನೊಂದನೆಯದು ಹೊಟ್ಟೆ ಹುಣ್ಣಾಗುವಷ್ಟು ನಗು. ಯಾವಾಗ ಸಿಗುತ್ತದೆ ಎಂದು ತಿಳಿಯದ ಬಹುಮಾನಕ್ಕೆ ಪ್ರಾಣಿಗಳು ಬಿಡದೆ ಪ್ರಯತ್ನಿಸುತ್ತಲೇ ಇರುತ್ತವೆ ಎಂದು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ತಮ್ಮ ಪ್ರಯೋಗಗಳಲ್ಲಿ ಎಂದೋ ತೋರಿಸಿದ್ದರು. ಜೂಜಿನ ಯಂತ್ರ ನಡೆಯುವುದೂ ಇದೇ ಲೆಕ್ಕದ ಮೇಲೆ. ಇದರ ಜೊತೆಗೆ ನೀವು ಯಾವ ವಿಡಿಯೊ ಮೇಲೆ ಎಷ್ಟು ಹೊತ್ತು ನಿಂತಿರಿ, ಯಾವುದನ್ನು ಎರಡು ಸಲ ನೋಡಿದಿರಿ, ಯಾವುದನ್ನು ಕಳಿಸಿದಿರಿ ಎಂಬುದನ್ನೆಲ್ಲ ಆ್ಯಪ್ ಬರೆದಿಟ್ಟುಕೊಂಡು ಮುಂದಿನದನ್ನು ಆರಿಸುತ್ತದೆ.

2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನಿ ಆ್ಯಪ್‌ಗಳನ್ನು ನಿಷೇಧಿಸಿತು. ಪೀಡೆ ಹೋಯಿತು ಎಂದು ತುಂಬ ಜನ ಅಂದುಕೊಂಡರು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಹೆಸರು ಬದಲಾಯಿತು, ಚಾಳಿ ಉಳಿಯಿತು. ಒಂದು ಆ್ಯಪ್ ತೆಗೆದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಹಾನಿ ಎಷ್ಟು, ಯಾವುದು?

ಎಲ್ಲಕ್ಕಿಂತ ಮೊದಲು ಪೆಟ್ಟು ಬೀಳುವುದು ನಿದ್ದೆಗೆ. ರಾತ್ರಿ ಒಂದರವರೆಗೆ ಎಚ್ಚರ ಇದ್ದ ಹುಡುಗ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುತ್ತಾನೆ. ಇದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ. ಮನಸ್ಸಿನ ವಿಷಯಕ್ಕೆ ಬಂದರೆ, ದಿನಕ್ಕೆ 3 ಗಂಟೆಗಿಂತ ಹೆಚ್ಚು ಸೋಷಿಯಲ್ ಮೀಡಿಯಾದಲ್ಲಿ ಕಳೆಯುವ ಹದಿಹರೆಯದವರಿಗೆ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಎಂದು ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಉನ್ನತ ವೈದ್ಯಾಧಿಕಾರಿ) 2023ರ ಮೇ ತಿಂಗಳ ಎಚ್ಚರಿಕೆಯಲ್ಲಿ ಹೇಳಿದ್ದಾರೆ. ಬೇಸರ ಇರುವವರೇ ಹೆಚ್ಚು ನೋಡುತ್ತಾರೋ, ನೋಡಿ ನೋಡಿ ಬೇಸರ ಹೆಚ್ಚುತ್ತದೋ ಎಂಬ ಚರ್ಚೆ ಮಾತ್ರ ಇನ್ನೂ ನಡೆದಿದೆ. ಎರಡೂ ಇರಬಹುದು.

ಒಂದು ವಿಷಯದಲ್ಲಿ ಮಾತ್ರ ಕಟ್ಟೆಯ ಮಾತು ನಂಬಬೇಡಿ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆಯ ಸ್ಥಾನ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನ. ಎರಡೂ ಸಲ ಜನ ಫೋನನ್ನೇ ಬೈದರು. ಫೋನು 2024ರಲ್ಲಿ ಮೊದಲ ಸ್ಥಾನ ಪಡೆದ ಉಡುಪಿಯ ಮಕ್ಕಳ ಕೈಯಲ್ಲೂ ಇತ್ತಲ್ವಾ? ಖಾಲಿ ಬಿದ್ದ ಶಿಕ್ಷಕರ ಹುದ್ದೆ, ಮಕ್ಕಳನ್ನು ಹೊಲಕ್ಕೆ, ವಲಸೆಗೆ ಕರೆದೊಯ್ಯುವ ಬಡತನ, ಇವನ್ನೆಲ್ಲ ರೀಲ್ಸ್ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ರೀಲ್ಸ್ ಓದಿನ ಹೊತ್ತನ್ನು ತಿನ್ನುವುದು ನಿಜ. ಎಲ್ಲದಕ್ಕೂ ಅದೇ ಕಾರಣ ಅನ್ನುವುದು ಸುಳ್ಳು.

ಹೆಜ್ಜೆ 1: ಒಂದು ವಾರ ಸುಮ್ನೆ ಅಳೆಯಿರಿ

ಮೊದಲ ವಾರ ಏನೂ ಬದಲಿಸಬೇಡಿ. ಬೈಯಬೇಡಿ ಕೂಡ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋದರೆ 'ಡಿಜಿಟಲ್ ವೆಲ್‌ಬೀಯಿಂಗ್' ಅಂತ ಇರುತ್ತದೆ. ಐಫೋನಿನಲ್ಲಿ ಅದರ ಹೆಸರು 'ಸ್ಕ್ರೀನ್ ಟೈಮ್'. ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಫೋನ್ ತೆರೆದಿರಿ, ಎಲ್ಲ ಅಲ್ಲಿ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಆ ಅಂಕಿಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ.

ಬರೆಯುವಾಗ ಮನೆಯ ಎಲ್ಲರದೂ ಬರೆಯಿರಿ. ಅಪ್ಪ, ಅವ್ವ, ಕಾಕಾ, ಅಜ್ಜ. ಮಗನ ಇನ್‌ಸ್ಟಾಗ್ರಾಂ ಮೇಲೆ ಕಣ್ಣಿಟ್ಟ ಅಪ್ಪನ ಫೇಸ್‌ಬುಕ್ಕಿನಲ್ಲೂ ಅದೇ ರೀಲ್ಸ್ ಓಡುತ್ತಿರುತ್ತದೆ. ದೊಡ್ಡವರ ಅಂಕಿ ಗೋಡೆ ಮೇಲೆ ಬಾರದೆ ಮಕ್ಕಳಿಗೆ ನಿಯಮ ಹಾಕಿದರೆ ಅದು ನಾಲ್ಕು ದಿನವೂ ನಿಲ್ಲುವುದಿಲ್ಲ.

ಎಷ್ಟು ಎನ್ನುವುದರ ಜೊತೆ ಯಾವಾಗ ಎನ್ನುವುದನ್ನೂ ಗಮನಿಸಿ. ಮಧ್ಯಾಹ್ನ ಊಟವಾದ ಮೇಲೆ, ರಾತ್ರಿ ಹಾಸಿಗೆ ಮೇಲೆ, ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ. ಸಾಮಾನ್ಯವಾಗಿ ಈ ಮೂರು ಹೊತ್ತಿನಲ್ಲೇ ಹೆಚ್ಚಿನದು ಸಿಕ್ಕಿಬಿಡುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಹೊತ್ತುಗಳಿಗೇ.

ಹೆಜ್ಜೆ 2: ಫೋನಿನೊಳಗೆ ಬೇಲಿ ಹಾಕಿ

ಎರಡನೇ ವಾರ ಒಂದು ರವಿವಾರ ಕೂತು ಇದನ್ನು ಮಾಡಿ. ಅಪ್‌ಡೇಟ್ ಆದಂತೆ ಮೆನು ಹೆಸರುಗಳು ಸ್ವಲ್ಪ ಆಚೀಚೆ ಆಗುತ್ತವೆ. ಸಿಗದಿದ್ದರೆ ಮಗನನ್ನೇ ಕೇಳಿ. ಅವನಿಗೇ ನಿಮಗಿಂತ ಚೆನ್ನಾಗಿ ಗೊತ್ತು.

ಯೂಟ್ಯೂಬ್‌ನಿಂದ ಶುರು ಮಾಡಿ, ಯಾಕೆಂದರೆ ಪಾಠಕ್ಕೂ ಬೇಕಾದದ್ದು ಅದೇ. ಸೆಟ್ಟಿಂಗ್ಸ್‌ನಲ್ಲಿ 'ಮ್ಯಾನೇಜ್ ಆಲ್ ಹಿಸ್ಟರಿ' ಹುಡುಕಿ. ಅಲ್ಲಿ ವಾಚ್ ಹಿಸ್ಟರಿಯನ್ನು, ಅಂದರೆ ನೋಡಿದ ವಿಡಿಯೊಗಳ ದಾಖಲೆಯನ್ನು, ಆಫ್ ಮಾಡಿ, ಹಳೆಯದನ್ನೆಲ್ಲ ಅಳಿಸಿ. 2023ರಿಂದ ಯೂಟ್ಯೂಬಿನ ನಿಯಮ ಹೀಗಿದೆ: ಹಿಸ್ಟರಿ ಇಲ್ಲದಿದ್ದರೆ ಹೋಮ್ ಪುಟದಲ್ಲಿ ಶಿಫಾರಸು ತೋರಿಸುವುದಿಲ್ಲ. ತೆರೆದರೆ ಪುಟ ಖಾಲಿ. ಬೇಕಾದ ಪಾಠವನ್ನು ಹುಡುಕಿ ನೋಡಬಹುದು, ಸಬ್‌ಸ್ಕ್ರೈಬ್ ಮಾಡಿದ ಚಾನೆಲ್ಲೂ ಸಿಗುತ್ತದೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅಂದರೆ ಇದನ್ನು ಮಾಡಿ ಅನ್ನುತ್ತೇನೆ. 2025ರ ಕೊನೆಯಿಂದ ಶಾರ್ಟ್ಸ್‌ಗೆ ದಿನದ ಮಿತಿ ಹಾಕುವ ಸೌಲಭ್ಯವೂ ಬಂದಿದೆ, ಅದನ್ನೂ ನೋಡಿ.

ಇನ್‌ಸ್ಟಾಗ್ರಾಂನಲ್ಲಿ ಪ್ರೊಫೈಲ್‌ಗೆ ಹೋಗಿ ಮೇಲಿನ ಮೂರು ಗೆರೆ ಒತ್ತಿ. 'ಟೈಮ್ ಮ್ಯಾನೇಜ್‌ಮೆಂಟ್'ನಲ್ಲಿ ದಿನದ ಮಿತಿ, ರಾತ್ರಿಗೆ 'ಸ್ಲೀಪ್ ಮೋಡ್' ಇವೆ. 'ಕಂಟೆಂಟ್ ಪ್ರಿಫರೆನ್ಸಸ್'ನಲ್ಲಿ ಸಲಹೆಯ ಪೋಸ್ಟ್‌ಗಳನ್ನು 30 ದಿನ ತಡೆಹಿಡಿಯಬಹುದು. 18ರೊಳಗಿನವರಿಗೆ 'ಟೀನ್ ಅಕೌಂಟ್' ಅಂತ ಇದೆ, ಭಾರತಕ್ಕೆ 2025ರಲ್ಲಿ ಬಂತು. 16ರೊಳಗಿನವರು ಅದರ ಕಟ್ಟುಪಾಡು ಸಡಿಲಿಸಬೇಕೆಂದರೆ ಅಪ್ಪ ಅವ್ವನ ಒಪ್ಪಿಗೆ ಬೇಕು. ಆದರೆ ಮಗು ಹುಟ್ಟಿದ ವರ್ಷ ಸುಳ್ಳು ಬರೆದಿದ್ದರೆ ಇದ್ಯಾವುದೂ ಕೆಲಸಕ್ಕೆ ಬಾರದು. ಮೊದಲು ಅದನ್ನು ತೆರೆದು ನೋಡಿ.

ಈ ಮಿತಿಗಳ ಒಂದು ದೋಷ ಹೇಳಿಬಿಡುತ್ತೇನೆ. ಸಮಯ ಮುಗಿಯಿತು ಎಂದು ಆ್ಯಪ್ ಹೇಳಿದಾಗ ಒಂದು ಗುಂಡಿ ಒತ್ತಿದರೆ ಸಾಕು, ಮತ್ತೆ ಶುರು. ಆ್ಯಪ್ ಮಾಡಿದವರಿಗೇ ನೀವು ಹೊರಗೆ ಹೋಗುವುದು ಬೇಕಿಲ್ಲ. ಆದ್ದರಿಂದ ಬೇಲಿಯನ್ನು ಆ್ಯಪಿನ ಹೊರಗೆ ಹಾಕುವುದು ಮೇಲು. ಡಿಜಿಟಲ್ ವೆಲ್‌ಬೀಯಿಂಗ್‌ನ ಆ್ಯಪ್ ಟೈಮರ್ ಹಾಕಿದರೆ ಸಮಯ ಮುಗಿದ ಮೇಲೆ ಐಕಾನೇ ಬೂದು ಬಣ್ಣಕ್ಕೆ ತಿರುಗಿ ಮಧ್ಯರಾತ್ರಿವರೆಗೆ ತೆರೆಯುವುದಿಲ್ಲ. ಚಿಕ್ಕ ಮಕ್ಕಳ ಫೋನಿಗೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಹಾಕಿದರೆ ಕೀಲಿ ನಿಮ್ಮ ಫೋನಿನಲ್ಲಿರುತ್ತದೆ.

ಉಳಿದ ಸಣ್ಣ ಕೆಲಸಗಳು ಬೇಗ ಮುಗಿಯುತ್ತವೆ. ಕರೆ ಮತ್ತು ಮೆಸೇಜ್ ಬಿಟ್ಟು ಮಿಕ್ಕ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ. ವಿಡಿಯೊ ಆ್ಯಪ್‌ಗಳನ್ನು ಮೊದಲ ಪರದೆಯಿಂದ ಸರಿಸಿ. ಪ್ರತಿ ಸಲ ಲಾಗ್ಔಟ್ ಮಾಡುವ ರೂಢಿ ಮಾಡಿದರೆ ಇನ್ನೂ ಒಳ್ಳೆಯದು, ಪಾಸ್‌ವರ್ಡ್ ಹೊಡೆಯುವ ಹೊತ್ತಿಗೆ ಅರ್ಧ ಆಸೆ ಇಳಿದಿರುತ್ತದೆ. ಪರದೆಯನ್ನು ಕಪ್ಪು ಬಿಳುಪು ಮಾಡುವ ಉಪಾಯವೂ ಇದೆ. ಕೆಲವರಿಗೆ ನಡೆಯುತ್ತದೆ.

ಹೆಜ್ಜೆ 3: ರಾತ್ರಿಯನ್ನು ಕಾಯಿರಿ

ದಿನಕ್ಕೆ ಒಂದೂವರೆ, ಎರಡು ಜಿಬಿಯ ಪ್ಯಾಕ್ ಹಾಕಿಸಿದವರಿಗೆ ಒಂದು ವಿಷಯ ಗೊತ್ತು. ಡೇಟಾ ಹೊಸದಾಗಿ ಬರುವುದು ರಾತ್ರಿ 12ಕ್ಕೆ. ಸಂಜೆಯೇ ಖಾಲಿ ಮಾಡಿಕೊಂಡ ಹುಡುಗರು ಹನ್ನೆರಡು ಹೊಡೆಯುವುದನ್ನೇ ಕಾಯುತ್ತಾ ಮಲಗಿರುತ್ತಾರೆ. ಮನೆಯಲ್ಲಿ ವೈಫೈ ಇದ್ದರೆ ಹತ್ತಕ್ಕೆ ರೂಟರ್ ಬಂದ್ ಮಾಡಿ. ಇಲ್ಲದಿದ್ದರೆ ಫೋನೇ ಕೋಣೆಯಿಂದ ಹೊರಗೆ ಇರಬೇಕು.

ಅದಕ್ಕೆ ಸರಳ ದಾರಿ ಚಾರ್ಜರ್. ಮನೆಯ ಎಲ್ಲ ಚಾರ್ಜರ್‌ಗಳನ್ನು ಪಡಸಾಲೆಯ ಒಂದೇ ಜಾಗಕ್ಕೆ ತನ್ನಿ. ಹತ್ತಕ್ಕೆ ಎಲ್ಲರ ಫೋನೂ ಅಲ್ಲಿಗೆ, ನಿಮ್ಮದೂ ಸೇರಿ. "ಅಲಾರಂಗೆ ಬೇಕು" ಅನ್ನುವ ನೆವ ಬಂದೇ ಬರುತ್ತದೆ. ಸೂಪರ್ ಮಾರ್ಕೆಟ್ ಕಡೆ ಹೋದಾಗ ಒಂದು ಸಾದಾ ಅಲಾರಂ ಗಡಿಯಾರ ತನ್ನಿ, ನೆವ ಮುಗಿಯಿತು. ದೂರದ ಊರಿಂದ ಅಪ್ಪನ ಕರೆ ಬರುವುದಿದ್ದರೆ 'ಡು ನಾಟ್ ಡಿಸ್ಟರ್ಬ್' ಹಾಕಿ, ಅವರ ಒಂದು ನಂಬರಿಗೆ ಮಾತ್ರ ವಿನಾಯಿತಿ ಕೊಡಿ. ಪಡಸಾಲೆಯಲ್ಲಿ ರಿಂಗ್ ಆದರೆ ಒಳಗೆ ಕೇಳಿಸುತ್ತದೆ.

ಬೇಸಿಗೆಯಲ್ಲಿ ಇದು ಕೈಕೊಡುವುದು ಮಾಳಿಗೆಯ ಮೇಲೆ. ಸೆಕೆಗೆ ಎಲ್ಲರೂ ಹಾಸಿಗೆ ಹೊತ್ತು ಮೇಲೆ ಹೋಗುತ್ತಾರೆ, ಜೊತೆಗೆ ಫೋನೂ ಹೋಗುತ್ತದೆ. ಚಾದರದೊಳಗಿನ ಬೆಳಕು ಯಾರಿಗೂ ಕಾಣುವುದಿಲ್ಲ. ಹಾಸಿಗೆ ಮೇಲೆ, ಫೋನ್ ಕೆಳಗೆ ಎಂಬ ನಿಯಮವನ್ನು ಯುಗಾದಿಗೇ ಮಾಡಿಬಿಡಿ. ಮೇ ತಿಂಗಳಲ್ಲಿ ಮಾಡಲು ಹೋದರೆ ಜಗಳ ಗ್ಯಾರಂಟಿ.

ಹೆಜ್ಜೆ 4: ಮಧ್ಯಾಹ್ನಕ್ಕೆ ಬೇರೆ ಕೆಲಸ

ಇದೇ ಎಲ್ಲಕ್ಕಿಂತ ಕಷ್ಟದ್ದು. ಫೋನ್ ತೆಗೆದಿಟ್ಟ ಮೇಲೆ ಆರು ತಾಸು ಏನು ಮಾಡಬೇಕು? "ಹೊರಗೆ ಹೋಗಿ ಆಡು" ಅನ್ನುವ ಸಲಹೆ ಬೆಂಗಳೂರಿನಲ್ಲಿ ಬರೆದದ್ದು. ನಮ್ಮ ಬಿಸಿಲಿಗೆ ಅದು ನಡೆಯುವುದಿಲ್ಲ. ಇಲ್ಲಿ ಆಟ ಅಂದರೆ ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದೂವರೆ ಮೇಲೆ. ಬೆಳಿಗ್ಗೆ ಬೇಗ ಎದ್ದು ಕ್ರಿಕೆಟ್ ಆಡಿದ ಹುಡುಗ ಮಧ್ಯಾಹ್ನ ನಿದ್ದೆ ಮಾಡುತ್ತಾನೆ, ಅದೇ ಒಂದು ಲಾಭ. ಕಲಬುರಗಿ ಊರಿನವರಿಗೆ ಸಂಜೆಗೆ ಅಪ್ಪನ ಕೆರೆಯ ದಂಡೆ, ಪಬ್ಲಿಕ್ ಗಾರ್ಡನ್ ಇವೆ.

ಮಧ್ಯಾಹ್ನಕ್ಕೆ ಚೌಕಾಬಾರ, ಕೇರಂ, ಅಳಗುಳಿ ಮಣೆ. ಬೇಸಿಗೆಯಲ್ಲಿ ಹೇಗೂ ಸಂಡಿಗೆ, ಹಪ್ಪಳದ ಕೆಲಸ ಇರುತ್ತದೆ. ಮಕ್ಕಳನ್ನು ಅದಕ್ಕೆ ಸೇರಿಸಿ, ಗಂಡುಮಕ್ಕಳನ್ನೂ. ಹಿಟ್ಟು ಮೆತ್ತಿದ ಕೈ ಫೋನ್ ಮುಟ್ಟುವುದಿಲ್ಲ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆಯಾ ನೋಡಿ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ. ಹುಡುಗ ಸಂಜೆ ಹೊರಗೆ ಹೋಗುತ್ತಾನೆ, ಅಕ್ಕನಿಗೆ ಆ ಅವಕಾಶ ಎಷ್ಟು ಮನೆಗಳಲ್ಲಿದೆ? ಅವಳಿಗೆ ಗೆಳತಿಯರು, ಹೊರಗಿನ ಲೋಕ, ನಗು ಎಲ್ಲ ಆ ಫೋನಿನಲ್ಲೇ ಇದೆ. ಬದಲಿಗೆ ಏನೂ ಕೊಡದೆ ಅದನ್ನೂ ಕಿತ್ತುಕೊಂಡರೆ ಅವಳಿಗೆ ಉಳಿಯುವುದು ನಾಲ್ಕು ಗೋಡೆ. ಅವಳ ಗಂಟೆ ಕಡಿಮೆ ಮಾಡುವ ಮೊದಲು ಅವಳಿಗೆ ಹೊಲಿಗೆ ಕ್ಲಾಸೋ, ಕಂಪ್ಯೂಟರ್ ಕ್ಲಾಸೋ, ಗೆಳತಿಯ ಮನೆಗೆ ಹೋಗಿಬರುವ ಸಂಜೆಯೋ ಸಿಗಲಿ. ಈ ಮಾತು ಕೆಲವು ಅಪ್ಪಂದಿರಿಗೆ ಹಿಡಿಸುವುದಿಲ್ಲ. ಹಿಡಿಸದಿದ್ದರೂ ಬರೆದಿದ್ದೇನೆ.

ಹೆಜ್ಜೆ 5: ತುತ್ತಿನ ಜೊತೆ ಫೋನ್ ಬೇಡ

ಎರಡು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ, 2ರಿಂದ 5 ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ದೂರದ ಅಪ್ಪನ ವಿಡಿಯೊ ಕಾಲ್ ಬೇರೆ ಮಾತು, ಅಲ್ಲಿ ಮಗು ಮನುಷ್ಯರ ಜೊತೆ ಮಾತಾಡುತ್ತಿರುತ್ತದೆ.

ಶಾರ್ಟ್ಸ್ ತೋರಿಸುತ್ತಾ ತುತ್ತು ಹಾಕಿದರೆ ಮಗು ಹೊಟ್ಟೆ ತುಂಬಿದ್ದನ್ನೂ ಗಮನಿಸದೆ ನುಂಗುತ್ತಿರುತ್ತದೆ. ಅಜ್ಜಿಯರಿಗೆ ಇದು ಸುಲಭದ ದಾರಿ ಅನಿಸಿರುತ್ತದೆ, ಅವರ ಮೇಲೆ ಸಿಟ್ಟಾಗಬೇಡಿ. ಎರಡು ಮೂರು ದಿನ ಮಗು ಅಳುತ್ತದೆ, ಸ್ವಲ್ಪ ಕಡಿಮೆ ತಿನ್ನುತ್ತದೆ. ಆಮೇಲೆ ಹಸಿವೆಯೇ ಕೆಲಸ ಮಾಡುತ್ತದೆ.

ಹೆಜ್ಜೆ 6: ರೀಲ್ಸ್ ಮಾಡುವ ಮಕ್ಕಳಿಗೆ

ನೋಡುವವರಷ್ಟೇ ಅಲ್ಲ, ಮಾಡುವವರೂ ಮನೆಯಲ್ಲಿರುತ್ತಾರೆ. ನಮ್ಮ ಕಡೆಯ ಮಾತಿನಲ್ಲೇ ಕಾಮಿಡಿ ಮಾಡಿ ಹೆಸರು ಮಾಡಿದ ಹುಡುಗರಿದ್ದಾರೆ, ಅದನ್ನು ಹಗುರ ಮಾಡಬೇಡಿ. ಜಾಗದ ಬಗ್ಗೆ ಮಾತ್ರ ಗಟ್ಟಿಯಾಗಿರಿ. ರೈಲ್ವೆ ಹಳಿ ಬೇಡ. ಹಳಿ ಮೇಲೆ ಅತಿಕ್ರಮವಾಗಿ ನಡೆದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬೀದರ್ ಕೋಟೆಯ ಗೋಡೆಯ ಅಂಚು, ಕಾರಂಜಾ ಜಲಾಶಯದ ದಂಡೆ, ನಾರಾಯಣಪುರದ ಬಸವಸಾಗರ, ಮಳೆಗಾಲದಲ್ಲಿ ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತ, ಇಲ್ಲೆಲ್ಲ ಕ್ಯಾಮೆರಾ ಕಡೆ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುವುದೇ ಅಪಾಯ. ಕತ್ತಿ, ಬಂದೂಕು ಹಿಡಿದು ರೀಲ್ಸ್ ಮಾಡಿದರೆ ಪೊಲೀಸರು ಬರುತ್ತಾರೆ. ಆಟಿಕೆ ಎಂದು ಆಮೇಲೆ ವಿವರಿಸುತ್ತಾ ಠಾಣೆಯಲ್ಲಿ ಕೂರಬೇಕಾಗುತ್ತದೆ.

ಶಾಲೆಯ ಯೂನಿಫಾರಂ, ಮನೆಯ ಗಲ್ಲಿ, ಬೈಕಿನ ನಂಬರ್ ವಿಡಿಯೊದಲ್ಲಿ ಕಾಣಬಾರದು. ಲೈಕ್ ಒತ್ತಿ ದುಡ್ಡು ಗಳಿಸಿ, ಮನೆಯಲ್ಲೇ ಕೂತು ಸಾವಿರಾರು ಎಂದು ಕಾಮೆಂಟಿನಲ್ಲಿ ಬರುವವರು ಮೊದಲು ಸ್ವಲ್ಪ ಕೊಟ್ಟು ಆಮೇಲೆ ದೊಡ್ಡದು ಕೀಳುತ್ತಾರೆ. ದುಡ್ಡು ಹೋಯಿತೋ, ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಮಗಳ ಫೋಟೊ ತಿದ್ದಿ ಯಾರಾದರೂ ಹೆದರಿಸುತ್ತಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರ ಬಳಿ ಹೋಗಿ. ಅವಳನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ, ಹೆದರಿಸುವವನಿಗೆ ಬೇಕಾದದ್ದೂ ಅದೇ.

ಹೆಜ್ಜೆ 7: ಕೈಮೀರಿದೆ ಅನಿಸಿದರೆ

ಫೋನ್ ಕೊಡದಿದ್ದರೆ ಸಾಮಾನು ಒಡೆಯುವುದು, ಊಟ ನಿದ್ದೆ ಎರಡೂ ಕೆಡುವುದು, ವಾರಗಟ್ಟಲೆ ಶಾಲೆಗೆ ಹೋಗದಿರುವುದು, ಯಾರ ಜೊತೆಗೂ ಮಾತಾಡದೆ ಮುದುಡುವುದು ಕಂಡರೆ ಮನೆಮದ್ದು ಸಾಲದು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ 14416 ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ 1098 ಇದೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ನಡೆಯುತ್ತಿದೆ. ಹುಚ್ಚು ಹಿಡಿದಿದೆ ಅಂತ ಜನ ಅಂದಾರು ಎಂಬ ಅಂಜಿಕೆಯಿಂದ ತಾಯತ ಕಟ್ಟಿಸಿ ತಿಂಗಳು ಕಳೆಯಬೇಡಿ.

ನಾಲ್ಕನೇ ವಾರದ ಪರೀಕ್ಷೆ

ಬೇಲಿ ಹಾಕಿದ ಹೊಸದರಲ್ಲಿ ಮಕ್ಕಳು ಸಿಡುಕುತ್ತಾರೆ, ದೊಡ್ಡವರೂ ಸಿಡುಕುತ್ತಾರೆ. ಅದು ಇಳಿಯುತ್ತದೆ. ನಾಲ್ಕನೇ ವಾರ ಕ್ಯಾಲೆಂಡರ್ ಮೇಲಿನ ಅಂಕಿಗಳನ್ನು ಮೊದಲ ವಾರದ ಜೊತೆ ಇಟ್ಟು ನೋಡಿ. ಅರ್ಧಕ್ಕೆ ಇಳಿದಿದ್ದರೆ ಬಹಳ ಚೆನ್ನಾಗಿ ಆಗಿದೆ, ಸೊನ್ನೆಗೆ ತರುವ ಹಟ ಬೇಡ. ಊಟವಾದ ಮೇಲೆ ಎಲ್ಲರೂ ಕೂಡಿ ಹತ್ತು ನಿಮಿಷ ಕಾಮಿಡಿ ನೋಡಿ ನಕ್ಕರೆ ಯಾರ ಗಂಟೂ ಹೋಗುವುದಿಲ್ಲ.

ಅಂಕಿ ಇಳಿಯದಿದ್ದರೆ ಎರಡು ಕಡೆ ಹುಡುಕಿ. ಒಂದು, ಆ್ಯಪ್ ಅಪ್‌ಡೇಟ್ ಆದಾಗ ಅಥವಾ ಹೊಸ ಖಾತೆ ತೆರೆದಾಗ ನೀವು ಹಾಕಿದ ಮಿತಿ ಹೋಗಿರಬಹುದು. ಎರಡು, ಮನೆಯಲ್ಲಿ ಇನ್ನೊಂದು ಫೋನ್ ಇರಬಹುದು. ಅಜ್ಜನ ಹಳೆಯ ಫೋನು, ಒಡೆದ ಗಾಜಿನದ್ದು, ಸಿಮ್ ಇಲ್ಲದಿದ್ದರೂ ಹಾಟ್‌ಸ್ಪಾಟ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಕಪಾಟಿನ ಮೇಲೆ, ದಿಂಬಿನ ಕೆಳಗೆ ಒಮ್ಮೆ ನೋಡಿ. ಸಿಕ್ಕರೆ ರಂಪ ಮಾಡದೆ ಅದಕ್ಕೂ ಪಡಸಾಲೆಯಲ್ಲಿ ಒಂದು ಚಾರ್ಜರ್ ಜಾಗ ಕೊಡಿ.